ಶಿರೋಭಿಘಾತವೂ ಬುದ್ಧಿಯ ಪುನರುದ್ಧಾರವೂ

ಇತಿಹಾಸವೆಂದ ಕೂಡಲೆ ನಮ್ಮ ಕಣ್ಣೆದುರಿಗೆ ಬರುವುದು ಅರಸರ ವಂಶಾವಳಿ, ಕಾಳಗಗಳ ತಿಥಿ, ಶಾಸನಗಳ ಪಾಠಾಂತರ. ಯುದ್ಧದಲ್ಲಿ ಮಡಿದವರು ವೀರಗಲ್ಲುಗಳ ಮೇಲೆ ನಿಂತಿದ್ದಾರೆ. ಗೆದ್ದವರು ತಾಮ್ರಪಟಗಳಲ್ಲಿ ಉಳಿದಿದ್ದಾರೆ. ಆದರೆ ತಲೆಗೆ ಪೆಟ್ಟು ತಿಂದು, ಪ್ರಾಣವನ್ನು ಮಾತ್ರ ಉಳಿಸಿಕೊಂಡು ಊರಿಗೆ ಮರಳಿ, ಮನೆಯವರ ಹೆಸರುಗಳನ್ನು ನೆನೆಯಲಾರದೆ ಹೊಸ್ತಿಲಲ್ಲಿ ನಿಂತವನಿಗೆ ಕಲ್ಲನ್ನು ನೆಟ್ಟವರಿಲ್ಲ. ಅವನ ಮುಂದಿನ ಬಾಳು ಏನಾಯಿತು, ಚೆದುರಿದ ಅವನ ಬುದ್ಧಿಯನ್ನು ಕೂಡಿಸಲು ಯಾರಾದರೂ ಯತ್ನಿಸಿದರೆ, ಯತ್ನಿಸಿದರೆ ಅದು ಫಲಿಸಿತೆ ಎಂಬ ಪ್ರಶ್ನೆಗಳನ್ನು ಬಹುಕಾಲ ಯಾರೂ ಕೇಳಲಿಲ್ಲ. ಕೇಳಿದವರ ಚರಿತ್ರೆಯು ನೂರೈವತ್ತು ಇನ್ನೂರು ವರ್ಷಗಳಿಗಿಂತ ಹಿಂದಕ್ಕೆ ಹೋಗುವುದಿಲ್ಲ. ಆ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ. ಇದು ದೂರದ ವಿಷಯವೆಂದು ವಾಚಕ ಮಹಾಶಯರು ಭಾವಿಸಬಾರದು. ಹಿಂದೆ ಕತ್ತಿ ಗುಂಡುಗಳು ಮಾಡುತ್ತಿದ್ದ ಕೆಲಸವನ್ನು ಈಗ ನಮ್ಮ ರಸ್ತೆಗಳ ಮೇಲೆ ವಾಹನಗಳು ಮಾಡುತ್ತಿವೆ; ಇಂಥ ಒಬ್ಬ ತರುಣನಿಲ್ಲದ ಬೀದಿಯೇ ಅಪರೂಪವಾಗುತ್ತಿದೆ.

ನಮ್ಮ ಪ್ರಾಚೀನರು ಶಿರಸ್ಸಿನ ಪೆಟ್ಟನ್ನು ಅರಿಯದವರಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ 107 ಮರ್ಮಗಳ ವಿವರಣೆಯಿದೆ. ಅವುಗಳನ್ನು ಒಡನೆಯೇ ಪ್ರಾಣ ತೆಗೆಯುವವು, ಕಾಲಾಂತರದಲ್ಲಿ ತೆಗೆಯುವವು, ನೆಟ್ಟ ಶಲ್ಯವನ್ನು ಕಿತ್ತರೆ ಕೊಲ್ಲುವವು, ಅಂಗವೈಕಲ್ಯವನ್ನು ಉಂಟುಮಾಡುವವು, ಬರಿಯ ನೋವನ್ನು ಕೊಡುವವು ಎಂದು ಐದು ಬಗೆಯಾಗಿ ವಿಂಗಡಿಸಿದೆ. ತಲೆಯೋಡಿನ ಎಲುಬುಗಳು ಕೂಡುವ ಐದು ಸಂಧಿಗಳಿಗೆ 'ಸೀಮಂತ'ಗಳೆಂದು ಹೆಸರು. ಅಲ್ಲಿ ಪೆಟ್ಟಾದರೆ ಉನ್ಮಾದ, ಭಯ, ಚಿತ್ತನಾಶಗಳು ತಲೆದೋರಿ ಕ್ರಮೇಣ ಮರಣ ಸಂಭವಿಸುವುದೆಂದು ಆಚಾರ್ಯನು ಹೇಳುತ್ತಾನೆ. ತಲೆಯ ಪೆಟ್ಟಿಗೂ ಮನಸ್ಸಿನ ವಿಕಾರಕ್ಕೂ ಇರುವ ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಿರುವುದು ವಿಸ್ಮಯಕರ. ಈಜಿಪ್ಟ್ ದೇಶದಲ್ಲಿ 1862ರಲ್ಲಿ ಎಡ್ವಿನ್ ಸ್ಮಿತ್ ಎಂಬವನ ಕೈಗೆ ಬಂದ, ಕ್ರಿಸ್ತಪೂರ್ವ 1600ರ ಸುಮಾರಿನ ಪಪೈರಸ್ ಸುರುಳಿಯೊಂದರಲ್ಲಿ 48 ಗಾಯಗಳ ವರ್ಣನೆಯಿದ್ದು, ಅವುಗಳಲ್ಲಿ 27 ತಲೆಗೆ ಸಂಬಂಧಪಟ್ಟವು. ಚಿಕಿತ್ಸೆ ಮಾಡತಕ್ಕದ್ದು, ಹೋರಾಡಿ ನೋಡತಕ್ಕದ್ದು, ಕೈಬಿಡತಕ್ಕದ್ದು ಎಂದು ಆ ವೈದ್ಯರು ಮೂರು ತೀರ್ಪುಗಳನ್ನು ಕೊಡುತ್ತಿದ್ದರು. ಮಾತು ನಿಂತುಹೋದ ಶಿರೋಗಾಯಾಳುವಿಗೆ ಬಹುಮಟ್ಟಿಗೆ ದೊರಕುತ್ತಿದ್ದುದು ಮೂರನೆಯ ತೀರ್ಪು.

ಎರಡು ದೇಶಗಳ ಈ ಪ್ರಾಚೀನರಿಗೂ ಎದುರಿಗಿದ್ದ ಪ್ರಶ್ನೆ ಒಂದೇ: ರೋಗಿಯು ಬದುಕುವನೋ, ಸಾಯುವನೋ? ಬದುಕಿದರೆ ಹೇಗೆ ಬದುಕುವನೆಂಬ ಪ್ರಶ್ನೆ ಹುಟ್ಟಬೇಕಾದರೆ ಮೊದಲು ಹಲವರು ಬದುಕಿ ಉಳಿಯಬೇಕು. ಹೀಗೆ ಉಳಿದು, ಲೋಕದ ವೈದ್ಯರೆಲ್ಲರನ್ನೂ ಬೆರಗುಗೊಳಿಸಿದವನು ಅಮೇರಿಕಾ ದೇಶದ ಒಬ್ಬ ಕೆಲಸಗಾರರ ಮೇಸ್ತ್ರಿ.

1848ನೆಯ ಇಸವಿ ಸೆಪ್ಟೆಂಬರ್ 13ನೆಯ ತಾರೀಖು ಸಾಯಂಕಾಲ, ವರ್ಮಾಂಟ್ ಪ್ರಾಂತದ ಕ್ಯಾವೆಂಡಿಷ್ ಎಂಬ ಊರಿನ ಬಳಿ ರೈಲುದಾರಿಗಾಗಿ ಬಂಡೆಯನ್ನು ಸಿಡಿಸುತ್ತಿದ್ದರು. ಫಿನಿಯಸ್ ಗೇಜ್ ಎಂಬ 25 ವರ್ಷದ ಮೇಸ್ತ್ರಿಯು ಬಂಡೆಯ ರಂಧ್ರದೊಳಗಿನ ಸಿಡಿಮದ್ದನ್ನು ಕಬ್ಬಿಣದ ಸಲಾಕೆಯಿಂದ ಜಡಿಯುತ್ತಿದ್ದಾಗ ಕಿಡಿ ಹಾರಿ ಮದ್ದು ಸಿಡಿಯಿತು. ಮೂರು ಅಡಿ ಏಳು ಅಂಗುಲ ಉದ್ದದ, ಹದಿಮೂರು ಪೌಂಡಿಗೂ ಹೆಚ್ಚು ತೂಕದ ಆ ಸಲಾಕೆಯು ಅವನ ಎಡಗೆನ್ನೆಯ ಮೂಳೆಯ ಕೆಳಗೆ ಹೊಕ್ಕು, ಮೆದುಳಿನ ಮುಂಭಾಗವನ್ನು ಸೀಳಿಕೊಂಡು, ನೆತ್ತಿಯಿಂದ ಹೊರಬಿದ್ದು ದೂರ ಹೋಗಿ ಬಿದ್ದಿತು. ಕೆಲವೇ ನಿಮಿಷಗಳಲ್ಲಿ ಅವನು ಮಾತನಾಡಿದನು. ಎತ್ತಿನ ಬಂಡಿಯಲ್ಲಿ ಕುಳಿತು ಊರಿಗೆ ಬಂದನು. ಬಂದ ವೈದ್ಯನೊಡನೆ, ನಿಮಗೆ ಇಲ್ಲಿ ಸಾಕಷ್ಟು ಕೆಲಸವಿದೆಯೆಂಬ ಅರ್ಥದ ವಿನೋದವನ್ನೂ ಆಡಿದನು. ಜಾನ್ ಮಾರ್ಟಿನ್ ಹಾರ್ಲೋ ಎಂಬ ತರುಣ ವೈದ್ಯನು ವಾರಗಟ್ಟಲೆ ಅವನನ್ನು ನೋಡಿಕೊಂಡು, ಕೀವು ತೆಗೆದು, ಪ್ರಾಣವನ್ನು ಉಳಿಸಿದನು. ಹತ್ತು ವಾರಗಳ ಮೇಲೆ ಗೇಜ್ ತನ್ನ ತಾಯಿತಂದೆಗಳ ಮನೆಗೆ ಹೋದನು.

ಕಥೆಯು ಇಲ್ಲಿಗೆ ಮುಗಿದಿದ್ದರೆ ಅದು ಬರಿಯ ಕೌತುಕವಾಗಿ ಉಳಿಯುತ್ತಿತ್ತು. ಹಾರ್ಲೋ 1868ರಲ್ಲಿ ಪ್ರಕಟಿಸಿದ ಎರಡನೆಯ ಲೇಖನದಿಂದ ಇನ್ನೊಂದು ಸಂಗತಿ ತಿಳಿಯಬಂದಿತು. ಅಪಘಾತಕ್ಕೆ ಮೊದಲು ಶಾಂತನೂ ಕಾರ್ಯದಕ್ಷನೂ ಆಗಿದ್ದ ಗೇಜ್, ಅನಂತರ ಚಂಚಲನೂ ಹಟಮಾರಿಯೂ ಬಾಯಿಬಿರುಕನೂ ಆದನು. ಇವನು ಆ ಗೇಜನೇ ಅಲ್ಲವೆಂದು ಗೆಳೆಯರು ಹೇಳಿದರು. ಹಿಂದಿನ ಯಜಮಾನರು ಮೇಸ್ತ್ರಿಯ ಕೆಲಸವನ್ನು ಮತ್ತೆ ಕೊಡಲಿಲ್ಲ. ಈ ಒಂದು ವರ್ಣನೆಯು ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ಹರಿದು ಬೆಳೆಯುತ್ತಾ, ಅವನು ಕುಡುಕನಾಗಿ, ಅಲೆಮಾರಿಯಾಗಿ, ನಿಷ್ಪ್ರಯೋಜಕನಾಗಿ ಸತ್ತನೆಂಬ ದಂತಕಥೆಯಾಯಿತು.

ಆದರೆ ದೊರೆತಿರುವ ದಾಖಲೆಗಳು ಬೇರೆ ಸಾಕ್ಷ್ಯವನ್ನು ಹೇಳುತ್ತವೆ. ಆಸ್ಟ್ರೇಲಿಯಾದ ವಿದ್ವಾಂಸ ಮ್ಯಾಲ್ಕಮ್ ಮ್ಯಾಕ್‌ಮಿಲನ್ 2000ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ದಾಖಲೆಗಳನ್ನು ಒಂದೊಂದಾಗಿ ಶೋಧಿಸಿದರು. ಗೇಜ್ ನ್ಯೂ ಹ್ಯಾಂಪ್‌ಷೈರಿನ ಹ್ಯಾನೋವರ್ ಎಂಬಲ್ಲಿ ಒಂದು ಬಾಡಿಗೆ ಕುದುರೆಲಾಯದಲ್ಲಿ ಸುಮಾರು ಒಂದೂವರೆ ವರ್ಷ ದುಡಿದನು. 1852ರಲ್ಲಿ ದಕ್ಷಿಣ ಅಮೇರಿಕದ ಚಿಲಿ ದೇಶಕ್ಕೆ ಹೋಗಿ, ವಾಲ್ಪರೈಸೋ ಪಟ್ಟಣಕ್ಕೂ ಸಾಂಟಿಯಾಗೋ ನಗರಕ್ಕೂ ನಡುವೆ ಹೋಗಿಬರುವ ಆರು ಕುದುರೆಗಳ ಸಾರೋಟನ್ನು ಓಡಿಸುತ್ತಾ ಏಳು ವರ್ಷಗಳ ಹತ್ತಿರ ಕಳೆದನು. ಮುಂಜಾನೆ ಎದ್ದು ಕುದುರೆಗಳನ್ನು ಕಟ್ಟುವುದು, ಪ್ರಯಾಣಿಕರೊಡನೆ ನಯವಾಗಿ ನಡೆಯುವುದು, ಸರಂಜಾಮನ್ನು ಒಪ್ಪಿಸುವುದು, ಪರಭಾಷೆಯ ದೇಶದಲ್ಲಿ ನೂರು ಮೈಲಿಯ ಗುಡ್ಡಗಾಡು ದಾರಿಯನ್ನು ಕ್ರಮಿಸುವುದು, ಇವೆಲ್ಲವೂ ಚಿತ್ತಸ್ಥೈರ್ಯವಿಲ್ಲದವನಿಗೆ ಒದಗತಕ್ಕ ಕಾರ್ಯಗಳಲ್ಲ. ಚಿಲಿಯಲ್ಲಿ ಅವನನ್ನು ಬಲ್ಲ ಒಬ್ಬ ವೈದ್ಯನು, ಅವನ ಬುದ್ಧಿಶಕ್ತಿಗೆ ಯಾವ ಕುಂದೂ ಕಾಣಲಿಲ್ಲವೆಂದು ಹೇಳಿದ್ದನ್ನೂ ಇತ್ತೀಚೆಗೆ ಪತ್ತೆಮಾಡಿದ್ದಾರೆ. ದಿನದಿನವೂ ಒಂದೇ ಕ್ರಮದಲ್ಲಿ ನಡೆಯುವ, ಮುಂದಿನದು ಯಾವುದೆಂದು ಕೆಲಸವೇ ತಿಳಿಸಿಕೊಡುವ, ಆದರೂ ಮನುಷ್ಯರ ಸಹವಾಸವನ್ನು ಬೇಡುವ ವೃತ್ತಿಯೇ ಗೇಜನಿಗೆ ಚಿಕಿತ್ಸೆಯಾಯಿತೆಂದು ಮ್ಯಾಕ್‌ಮಿಲನ್ ಊಹಿಸುತ್ತಾರೆ. 1860ರಲ್ಲಿ ಅಪಸ್ಮಾರದಂಥ ಸೆಳೆತಗಳಿಂದ ಅವನು ತೀರಿಕೊಂಡನು. ಅವನ ತಲೆಬುರುಡೆಯೂ ಆ ಸಲಾಕೆಯೂ ಹಾರ್ವರ್ಡ್ ವಿಶ್ವವಿದ್ಯಾಲಯದ ವಸ್ತುಸಂಗ್ರಹದಲ್ಲಿವೆ. ಗೇಜನ ಪತನವನ್ನು ಎಲ್ಲ ಗ್ರಂಥಗಳೂ ಸಾರಿದುವು. ಅವನ ಚೇತರಿಕೆಯನ್ನು ನೂರೈವತ್ತು ವರ್ಷ ಯಾರೂ ಗಮನಿಸಲಿಲ್ಲ.

ಇದಕ್ಕೆ ಕಾರಣವೂ ಇಲ್ಲದಿಲ್ಲ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ವೈದ್ಯನು, ಮಾತು ಸತ್ತುಹೋಗಿದ್ದ ರೋಗಿಯೊಬ್ಬನ ಮೆದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ಎಡಗಡೆಯ ಮುಂಭಾಗದ ಒಂದು ನಿರ್ದಿಷ್ಟ ಸ್ಥಳದಲ್ಲಿ ಕ್ಷತಿಯಿರುವುದನ್ನು ತೋರಿಸಿದನು. ಅಂದಿನಿಂದ ಒಂದೊಂದು ಶಕ್ತಿಗೂ ಒಂದೊಂದು ಸ್ಥಾನವನ್ನು ಹುಡುಕುವ ಉತ್ಸಾಹವು ಯುರೋಪು ಖಂಡದಲ್ಲೆಲ್ಲಾ ಹಬ್ಬಿತು. ಇದರಿಂದ ವಿದ್ಯೆಗೆ ಮಹೋಪಕಾರವಾಯಿತೆಂಬುದು ನಿಜ. ಆದರೆ ಅದರ ನೆರಳಿನಂತೆ ಒಂದು ನಿರಾಶೆಯೂ ಬಂದಿತು. ಸ್ಥಾನವು ನಾಶವಾದ ಮೇಲೆ ಶಕ್ತಿಯು ಎಲ್ಲಿ ನಿಲ್ಲಬೇಕು? ಗೂಡು ಬಿದ್ದಮೇಲೆ ಹಕ್ಕಿಯ ಮಾತೇಕೆ? ಪ್ರಾಯ ತುಂಬಿದ ಮೆದುಳಿನ ನರಮಾರ್ಗಗಳು ಸ್ಥಿರವಾದವು, ಅವು ಮರಳಿ ಹುಟ್ಟವು ಎಂಬ ಅಭಿಪ್ರಾಯಕ್ಕೆ ಸ್ಪೆಯಿನಿನ ಮಹಾವಿಜ್ಞಾನಿ ರಾಮೋನ್ ಇ ಕಹಾಲನ ಬೆಂಬಲವೂ ದೊರೆಯಿತು. ಹೀಗಿರಲು ರೋಗಿಗೆ ಪಾಠ ಹೇಳುವ ಶ್ರಮವನ್ನು ಯಾರು ತಾನೇ ವಹಿಸಿಯಾರು?

ವಿದ್ವಾಂಸರ ವಾದವು ಮುಚ್ಚಿದ ಈ ಬಾಗಿಲನ್ನು ತೆರೆದುದು 1914ರ ಮಹಾಯುದ್ಧ. ಕಂದಕಗಳಲ್ಲಿ ನಿಂತು ಕಾದುವ ಸೈನಿಕನ ದೇಹವೆಲ್ಲಾ ಮಣ್ಣಿನ ಮರೆಯಲ್ಲಿದ್ದು ತಲೆಯೊಂದೇ ಗುಂಡಿಗೆ ಗುರಿಯಾಗುತ್ತಿತ್ತು. ಅದೇ ಕಾಲಕ್ಕೆ ಶಸ್ತ್ರವೈದ್ಯವೂ ಮುಂದುವರಿದಿತ್ತು. ಅಮೇರಿಕದ ಹಾರ್ವೆ ಕುಷಿಂಗ್ ಎಂಬ ಶಸ್ತ್ರವೈದ್ಯನು 1917ರಲ್ಲಿ ರಣರಂಗದ ಆಸ್ಪತ್ರೆಯಲ್ಲಿ ಕೆಲಸಮಾಡುತ್ತಾ, ಮೆದುಳಿಗೆ ಗಾಯವಾದವರಲ್ಲಿ ಅರ್ಧಕ್ಕೂ ಮಿಕ್ಕಿದ್ದ ಮರಣಪ್ರಮಾಣವನ್ನು ಮೂರು ತಿಂಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಕೆಳಕ್ಕೆ ಇಳಿಸಿದನು. ಬದುಕಿದವರ ಸಂಖ್ಯೆಯು ಹೀಗೆ ಏರಿತು. ಇಪ್ಪತ್ತು ಇಪ್ಪತ್ತೈದು ವರ್ಷದ ಸಹಸ್ರಾರು ತರುಣರು ಓದು, ಮಾತು, ಲೆಕ್ಕ, ಕಸಬು, ಸಮಾಧಾನಗಳಲ್ಲಿ ಒಂದಲ್ಲ ಒಂದನ್ನು ಕಳೆದುಕೊಂಡು ಊರಿಗೆ ಬಂದರು. ಅವರನ್ನು ಏನು ಮಾಡಬೇಕೆಂಬ ಚಿಂತೆ ಸರ್ಕಾರಗಳನ್ನು ಹಿಡಿಯಿತು. ಜರ್ಮನಿ, ಆಸ್ಟ್ರಿಯ ದೇಶಗಳಲ್ಲಿ ಮೆದುಳಿಗೆ ಗಾಯವಾದವರಿಗಾಗಿಯೇ ವಿಶೇಷ ಆಸ್ಪತ್ರೆಗಳೂ ಅವುಗಳೊಡನೆ ಪಾಠಶಾಲೆಗಳೂ ಕಸಬಿನ ಶಾಲೆಗಳೂ ಏರ್ಪಟ್ಟವು. ಕೊಲೋನ್ ನಗರದಲ್ಲಿ ವಾಲ್ಟರ್ ಪಾಪ್ಪೆಲ್‌ರಾಯ್ಟರ್ ಎಂಬವನು ಗಾಯಾಳುಗಳ ದೃಷ್ಟಿಯನ್ನೂ ಅವಧಾನವನ್ನೂ ಕಾರ್ಯಶಕ್ತಿಯನ್ನೂ ಅಳೆಯುವ ಪರೀಕ್ಷೆಗಳನ್ನು ರಚಿಸಿ, 1917ರಲ್ಲಿ ಗ್ರಂಥವನ್ನು ಪ್ರಕಟಿಸಿದನು.

ಈ ಯತ್ನಗಳಲ್ಲಿ ತಿರುಳನ್ನು ಕಂಡವನು ಫ್ರಾಂಕ್‌ಫರ್ಟ್ ನಗರದ ಕುರ್ಟ್ ಗೋಲ್ಡ್‌ಸ್ಟೈನ್. ಆಧೇಮಾರ್ ಗೆಲ್ಬ್ ಎಂಬ ಮನಶ್ಶಾಸ್ತ್ರಜ್ಞನೊಡಗೂಡಿ ಅವನು ತನ್ನ ಸಂಸ್ಥೆಯಲ್ಲಿ ಗಾಯಾಳು ಸೈನಿಕರನ್ನು ದಿನಗಟ್ಟಲೆಯಲ್ಲ, ವರ್ಷಗಟ್ಟಲೆ ನೋಡಿದನು. ಹೊರಗೆ ಮಳೆ ಬರುತ್ತಿರುವಾಗ 'ಬಿಸಿಲು ಕಾಯುತ್ತಿದೆ' ಎಂಬ ವಾಕ್ಯವನ್ನು ಹೇಳಿಕೊಟ್ಟರೆ ಕೆಲವರು ಅದನ್ನು ಪುನರುಚ್ಚರಿಸಲಾರದೆ ಹೋಗುತ್ತಿದ್ದರು. ಮೊಳೆಯಿದ್ದರೆ ಸುತ್ತಿಗೆಯಿಂದ ಹೊಡೆಯಬಲ್ಲವನು, ಮೊಳೆಯಿಲ್ಲದೆ ಹೊಡೆಯುವಂತೆ ನಟಿಸೆಂದರೆ ಕೈಕಟ್ಟಿ ನಿಲ್ಲುತ್ತಿದ್ದನು. ಎದುರಿಗಿರುವ ವಸ್ತುವಿನಿಂದ ಬುದ್ಧಿಯನ್ನು ಬಿಡಿಸಿ ಮೇಲಕ್ಕೆತ್ತುವ ಶಕ್ತಿಯೇ ಇಂಥವರಲ್ಲಿ ಕುಗ್ಗಿದೆಯೆಂದು ಗೋಲ್ಡ್‌ಸ್ಟೈನ್ ನಿರ್ಣಯಿಸಿದನು. ನಮ್ಮ ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಅವರಿಗೆ ಘಟವು ಕಾಣುತ್ತದೆ, ಘಟತ್ವವು ಕಾಣುವುದಿಲ್ಲ.

ಇದಕ್ಕಿಂತಲೂ ಬೆಲೆಯುಳ್ಳದ್ದು ಅವನು ರೋಗಿಗಳ ಭಾವಜೀವನದಲ್ಲಿ ಕಂಡುಹಿಡಿದ ಸಂಗತಿ. ಸುಲಭವಾದ ಲೆಕ್ಕವೊಂದನ್ನು ಕೊಟ್ಟಾಗ, ಅದು ಬಾರದೆಂದು ತೋರಿದ ಕ್ಷಣದಲ್ಲಿ ಗಾಯಾಳುವಿನ ಮುಖವು ಬಣ್ಣಗೆಡುವುದು, ಕೈಕಾಲು ನಡುಗುವುವು, ಅವನು ರೇಗುವನು, ಅಳುವನು, ಇಲ್ಲವೆ ಕಲ್ಲಿನಂತಾಗುವನು, ಸ್ವಲ್ಪ ಹೊತ್ತಿಗೆ ಮುಂಚೆ ಬರುತ್ತಿದ್ದುದೂ ಆಗ ಬಾರದೆಹೋಗುವುದು. ನೋಡುವವರಿಗೆ ಇದು ಮೊಂಡುತನವಾಗಿಯೋ ಹುಚ್ಚಾಗಿಯೋ ಕಾಣುತ್ತದೆ. ತನ್ನ ಲೋಕವೇ ಕುಸಿಯುತ್ತಿರುವುದನ್ನು ಒಳಗಿನಿಂದ ಕಂಡವನ ಭೀತಿಯಿದು ಎಂದು ತಿಳಿದು ಗೋಲ್ಡ್‌ಸ್ಟೈನ್ ಇದಕ್ಕೆ ಪ್ರಳಯಪ್ರತಿಕ್ರಿಯೆಯೆಂಬರ್ಥದ ಹೆಸರನ್ನಿಟ್ಟನು. ಕೆಲವು ಗಾಯಾಳುಗಳು ತಮ್ಮ ಪೆಟ್ಟಿಗೆ ಬಟ್ಟೆಗಳನ್ನು ಅತಿಯಾದ ಒಪ್ಪದಲ್ಲಿಟ್ಟುಕೊಂಡು, ಒಂದು ವಸ್ತು ಕದಲಿದರೂ ಕಳವಳಗೊಳ್ಳುತ್ತಿದ್ದರು. ಕೆಲವರು ಜನರಿಂದ ದೂರವಾಗಿ ಕುಳಿತುಬಿಡುತ್ತಿದ್ದರು. ಇವೂ ರೋಗವಲ್ಲ, ಆ ಪ್ರಳಯದಿಂದ ತಪ್ಪಿಸಿಕೊಳ್ಳುವ ಕೋಟೆಗಳೆಂದು ಅವನು ತೋರಿಸಿಕೊಟ್ಟನು. ಆದಕಾರಣ ಚಿಕಿತ್ಸಕನ ಮೊದಲನೆಯ ಕರ್ತವ್ಯವೆಂದರೆ, ಆ ಭೀತಿಗೆ ಎಡೆಯಿಲ್ಲದಂತೆ ರೋಗಿಯ ಸುತ್ತಲಿನ ಪರಿಸರವನ್ನು ಏರ್ಪಡಿಸುವುದು. ಅವನಿಗೆ ನಿಲುಕುವ ನಿಜವಾದ ಕೆಲಸವನ್ನು ಕೊಡುವುದು. ಅಲ್ಲಿಂದ ಮೆಲ್ಲಮೆಲ್ಲನೆ ಎತ್ತರಿಸುವುದು. ತಿಳಿವಳಿಕೆಯ ಶಿಕ್ಷಣಕ್ಕೂ ಭಾವದ ಸಾಂತ್ವನಕ್ಕೂ ನಡುವೆ ಗೋಡೆಯಿಲ್ಲವೆಂಬ ತತ್ತ್ವವು ಇಲ್ಲಿಯೇ ಸ್ಥಾಪಿತವಾಯಿತು.

ಈ ಮಹನೀಯನ ಗತಿಯನ್ನೂ ಹೇಳದೆ ಬಿಡಲಾಗದು. 1933ರಲ್ಲಿ ಹಿಟ್ಲರನ ಪಕ್ಷವು ಅಧಿಕಾರಕ್ಕೆ ಬಂದೊಡನೆ, ಯೆಹೂದ್ಯನಾದ ಗೋಲ್ಡ್‌ಸ್ಟೈನನನ್ನು ಬರ್ಲಿನ್ ನಗರದ ಅವನ ಆಸ್ಪತ್ರೆಯಿಂದಲೇ ಹಿಡಿದೊಯ್ದು ಸೆರೆಯಲ್ಲಿಟ್ಟರು. ದೇಶವನ್ನು ಬಿಟ್ಟುಹೋಗುವ ಕರಾರಿನ ಮೇಲೆ ಬಿಡುಗಡೆ ಹೊಂದಿ ಅವನು ಹಾಲೆಂಡಿಗೆ ಹೋದನು. ಅಲ್ಲಿ ಬರೆದ ಮಹಾಗ್ರಂಥವು 1934ರಲ್ಲಿ ಪ್ರಕಟವಾಯಿತು. 1935ರಲ್ಲಿ ಅಮೇರಿಕಾ ಸೇರಿ, ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಯುದ್ಧದ ಶಿರೋಗಾಯಗಳ ಪರಿಣಾಮವನ್ನು ಕುರಿತು ಇನ್ನೊಂದು ಗ್ರಂಥವನ್ನು ರಚಿಸಿ, 1965ರಲ್ಲಿ ತೀರಿಕೊಂಡನು. ಜರ್ಮನಿಯ ಗಾಯಾಳುಗಳಿಗಾಗಿ ಜೀವ ತೇಯ್ದವನನ್ನು ಜರ್ಮನಿಯೇ ಹೊರದೂಡಿತು. ಪಾಪ್ಪೆಲ್‌ರಾಯ್ಟರನಾದರೋ ಅದೇ ಪಕ್ಷವನ್ನು ಸೇರಿದನು. ಒಂದೇ ವಿದ್ಯೆಯು ಇಬ್ಬರನ್ನು ಎರಡು ದಾರಿಗಳಲ್ಲಿ ಕಂಡಿತು.

ಎರಡನೆಯ ಮಹಾಯುದ್ಧವು ಈ ಶಾಸ್ತ್ರಕ್ಕೆ ಮತ್ತೊಬ್ಬ ಆಚಾರ್ಯನನ್ನು ಕೊಟ್ಟಿತು. ರಷ್ಯಾ ದೇಶದ ಕಜಾನಿನಲ್ಲಿ 1902ರಲ್ಲಿ ಹುಟ್ಟಿದ ಅಲೆಕ್ಸಾಂಡರ್ ಲೂರಿಯಾ, ಯುದ್ಧಕಾಲದಲ್ಲಿ ಉರಲ್ ಪರ್ವತಪ್ರಾಂತದ ಕಿಸೆಗಾಚ್ ಎಂಬಲ್ಲಿ ಮೆದುಳಿಗೆ ಗಾಯವಾದ ಸೈನಿಕರ ಆಸ್ಪತ್ರೆಯನ್ನು ಏರ್ಪಡಿಸಿದನು. ಓದುವುದು, ಬರೆಯುವುದು ಮುಂತಾದ ಯಾವ ಬುದ್ಧಿಕಾರ್ಯವೂ ಮೆದುಳಿನ ಒಂದು ಮೂಲೆಯಲ್ಲಿ ಗಂಟುಕಟ್ಟಿ ಇಟ್ಟ ವಸ್ತುವಲ್ಲ. ಅನೇಕ ಭಾಗಗಳು ಕೂಡಿ ನಡೆಸುವ ಮೇಳವದು ಎಂಬುದು ಅವನ ಸಿದ್ಧಾಂತ. ಮೇಳದಲ್ಲಿ ಒಬ್ಬನು ತಪ್ಪಿದರೆ ಉಳಿದವರನ್ನು ಬೇರೆ ಕ್ರಮದಲ್ಲಿ ಕೂರಿಸಿ ಹಾಡನ್ನು ನಡೆಸಬಹುದಲ್ಲವೆ? ಹಾಗೆಯೇ, ಹಳೆಯ ದಾರಿ ಮುರಿದಲ್ಲಿ ಹೊಸ ದಾರಿಯಿಂದ ಅದೇ ಊರನ್ನು ಸೇರಿಸಬಹುದು. ಮೆದುಳಿನ ಮುಂಭಾಗಕ್ಕೆ ಪೆಟ್ಟಾಗಿ ಕಥೆಯನ್ನು ಮುಂದುವರಿಸಲಾರದವನಿಗೆ, 'ಆದರೆ', 'ಅನಂತರ', 'ಆದ್ದರಿಂದ', 'ಹೀಗಿದ್ದರೂ' ಮೊದಲಾದ ಸಂಬಂಧಪದಗಳ ಪಟ್ಟಿಯನ್ನು ಲೂರಿಯಾ ಬರೆದುಕೊಟ್ಟನು. ಮನಸ್ಸಿನೊಳಗಿನಿಂದ ಬಾರದ ಪ್ರೇರಣೆಯನ್ನು ಕಾಗದದ ಮೇಲಿನ ಪದವು ಹೊರಗಿನಿಂದ ಕೊಟ್ಟು ಕಥೆಯು ಮುಂದೆ ಸಾಗಿತು. ಈ ಅನುಭವಗಳನ್ನು ಅವನು 1948ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. 1963ರಲ್ಲಿ ಅದು ಇಂಗ್ಲೀಷಿಗೆ ಬಂದಿತು.

ಲೂರಿಯಾನ ರೋಗಿಗಳಲ್ಲಿ ಜಸೆಟ್ಸ್‌ಕಿಯ ಚರಿತ್ರೆಯು ಮಹಾಭಾರತದ ಉಪಾಖ್ಯಾನಕ್ಕೆ ಕಡಿಮೆಯಾದುದಲ್ಲ. ಯಂತ್ರಶಿಲ್ಪವನ್ನು ಓದುತ್ತಿದ್ದ ಈ ತರುಣನು 1943ರ ಮಾರ್ಚಿ 2ರಂದು ಸ್ಮೊಲೆನ್ಸ್ಕ್ ಪ್ರಾಂತದ ಕಾಳಗದಲ್ಲಿ ಗುಂಡು ತಿಂದನು. ಮೆದುಳಿನ ಎಡಗಡೆಯ ಹಿಂಭಾಗವು ಹಾಳಾಯಿತು. ಅವನಿಗೆ ಬಲಗಡೆಯ ಲೋಕವು ಕಾಣಿಸದಾಯಿತು, ಅಕ್ಷರಗಳು ಮರೆತುಹೋದುವು, ಹುಟ್ಟಿದೂರಿನ ಬೀದಿಗಳಲ್ಲಿಯೇ ದಾರಿ ತಪ್ಪುತ್ತಿತ್ತು. 'ತಂದೆಯ ತಮ್ಮ', 'ತಮ್ಮನ ತಂದೆ' ಎಂಬ ಎರಡು ಮಾತುಗಳಲ್ಲಿ ಪದಗಳು ಅವೇ ಆದರೂ ವ್ಯಕ್ತಿಗಳು ಬೇರೆಯೆಂಬುದನ್ನು ಅವನು ಗ್ರಹಿಸಲಾರದೆ ಹೋದನು. ನೊಣವು ಆನೆಗಿಂತ ದೊಡ್ಡದೋ ಆನೆಯು ನೊಣಕ್ಕಿಂತ ದೊಡ್ಡದೋ ಎಂಬ ವಾಕ್ಯಗಳಲ್ಲಿ ಯಾವುದು ಸರಿಯೆಂದು ನಿರ್ಧರಿಸಲೂ ಆಗದು. ಷಷ್ಠೀವಿಭಕ್ತಿಯ ಒಂದು ಪ್ರತ್ಯಯವು ಹೊರುವ ಭಾರವೆಷ್ಟೆಂಬುದು, ವ್ಯಾಕರಣ ಪಾಠ ಹೇಳಿದ ನನ್ನಂಥವರಿಗೂ ಇಂಥವರನ್ನು ಕುರಿತು ಓದಿದ ಮೇಲೆಯೇ ಪೂರ್ತಿಯಾಗಿ ಮನದಟ್ಟಾಗುವುದು.

ಅಕ್ಷರಾಭ್ಯಾಸವು ಮೊದಲಿನಿಂದ ಪ್ರಾರಂಭವಾಯಿತು. ಓದುವಾಗ ಒಂದೊಂದು ಅಕ್ಷರಕ್ಕೂ ಪರಿಚಿತವಾದ ಒಂದೊಂದು ಹೆಸರನ್ನು ಜೋಡಿಸಿಕೊಂಡು ಅವನು ತಡವರಿಸುತ್ತಿದ್ದನು. ಬರೆಯುವುದರಲ್ಲಿ ಮಾತ್ರ ಒಂದು ದಿನ ಆಶ್ಚರ್ಯವು ನಡೆಯಿತು. ಅಕ್ಷರದ ಆಕಾರವನ್ನು ನೆನೆಯುತ್ತಾ ಕೂರದೆ, ಕೈಯೆತ್ತದೆ, ಪದವನ್ನು ಒಂದೇ ಉಸಿರಿನಲ್ಲಿ ಬರೆದುಬಿಡೆಂದು ಹೇಳಲಾಗಿ, ಕೈ ಬರೆದುಬಿಟ್ಟಿತು! ಕಣ್ಣು ಮರೆತುದನ್ನು ಕೈ ಮರೆತಿರಲಿಲ್ಲ. ನಮ್ಮ ಹಳೆಯ ಐಗಳ ಮಠಗಳಲ್ಲಿ ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸುತ್ತಿದ್ದ ಕ್ರಮವನ್ನು ಬಲ್ಲವರಿಗೆ ಇದರ ಮರ್ಮ ಬೇಗನೆ ತಿಳಿದೀತು. ವಿದ್ಯೆಯು ಒಂದೇ ಬಾಗಿಲಿನಿಂದ ಒಳಗೆ ಹೋಗುವುದಿಲ್ಲ. ಆದುದರಿಂದ ಒಂದು ಬಾಗಿಲು ಮುಚ್ಚಿದ ಮಾತ್ರಕ್ಕೆ ಒಳಗಿರುವುದೆಲ್ಲಾ ಕಳೆದುಹೋಗುವುದೂ ಇಲ್ಲ. ತಾನು ಬರೆದುದನ್ನು ತಾನೇ ಓದಲಾರದ ಜಸೆಟ್ಸ್‌ಕಿಯು ಈ ಕೈಯ ನೆನಪನ್ನೇ ನಂಬಿ ತನ್ನ ಜೀವನವನ್ನು ಬರೆಯಹೊರಟನು. ಒಂದು ಪದಕ್ಕಾಗಿ ಬಹಳ ಹೊತ್ತು ಕಾಯುತ್ತಾ, ದಿನಕ್ಕೆ ಅರ್ಧ ಪುಟ, ಒಂದು ಪುಟದಂತೆ, 25 ವರ್ಷಗಳಲ್ಲಿ ಸುಮಾರು 3000 ಪುಟಗಳನ್ನು ತುಂಬಿಸಿದನು. ಅದರ ಭಾಗಗಳನ್ನು ತನ್ನ ವ್ಯಾಖ್ಯಾನದೊಡನೆ ಕೂಡಿಸಿ ಲೂರಿಯಾ 1971ರಲ್ಲಿ ಒಂದು ಚಿಕ್ಕ ಗ್ರಂಥವನ್ನು ಪ್ರಕಟಿಸಿದನು.

ಜಸೆಟ್ಸ್‌ಕಿಯು ಪೂರ್ತಿಯಾಗಿ ಗುಣ ಹೊಂದಲಿಲ್ಲವೆಂಬುದನ್ನು ಮರೆಮಾಡಬಾರದು. ಯಂತ್ರಶಿಲ್ಪಿಯಾಗುವ ಅವನ ಆಶೆ ಈಡೇರಲಿಲ್ಲ. ಲೋಕವು ಅವನ ಕಣ್ಣಿಗೆ ಕೊನೆಯವರೆಗೂ ಚೂರುಚೂರಾಗಿಯೇ ಇದ್ದಿತು. ಆದರೆ ಸಂಕಲ್ಪಕ್ಕೆ ಆಧಾರವಾದ ಮೆದುಳಿನ ಮುಂಭಾಗವು ಗುಂಡಿನಿಂದ ತಪ್ಪಿಸಿಕೊಂಡಿದ್ದುದರಿಂದ, ತನಗೇನಾಗಿದೆಯೆಂಬುದನ್ನು ಅರಿತು ಅದರೊಡನೆ ಹೋರಾಡುವ ಶಕ್ತಿ ಅವನಲ್ಲಿ ಉಳಿಯಿತು. ಗೇಜನಿಗೆ ಪೆಟ್ಟಾದುದು ಮುಂಭಾಗಕ್ಕೆ. ಅವನಿಗೆ ಬೇಕಾದ ಕ್ರಮವನ್ನು ಹೊರಗಿನ ವೃತ್ತಿಯು ಒದಗಿಸಿತು. ಜಸೆಟ್ಸ್‌ಕಿಗೆ ಪೆಟ್ಟಾದುದು ಹಿಂಭಾಗಕ್ಕೆ. ಅವನು ಬೇಕಾದ ಕ್ರಮವನ್ನು ಒಳಗಿನ ಸಂಕಲ್ಪದಿಂದ ಕಟ್ಟಿಕೊಂಡನು. ಇಬ್ಬರ ಚರಿತ್ರೆಯನ್ನೂ ಜೊತೆಯಲ್ಲಿಟ್ಟು ನೋಡಿದರೆ, ಒಬ್ಬನಿಗೆ ಒಗ್ಗಿದ ಉಪಾಯವು ಇನ್ನೊಬ್ಬನಿಗೆ ಒಗ್ಗಲೇಬೇಕೆಂಬ ನಿಯಮವಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಇದೇ ಕಾಲದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿಯ ಶಿರೋಗಾಯಾಳುಗಳ ಆಸ್ಪತ್ರೆಯಲ್ಲಿದ್ದ ಆಲಿವರ್ ಜಾಂಗ್ವಿಲ್ ಎಂಬ ಮನಶ್ಶಾಸ್ತ್ರಜ್ಞನು 1947ರಲ್ಲಿ ಒಂದು ಲೇಖನವನ್ನು ಬರೆದು, ಚಿಕಿತ್ಸೆಯ ಮಾರ್ಗಗಳನ್ನು ಮೂರಾಗಿ ವಿಂಗಡಿಸಿದನು. ಕುಂದಿದ ಶಕ್ತಿಯ ಕೊರತೆಯು ಬಾಧಿಸದಂತೆ ನಡೆನುಡಿಯನ್ನು ಹೊಂದಿಸಿಕೊಳ್ಳುವುದು ಒಂದು. ಹೋದ ಶಕ್ತಿಗೆ ಬದಲಾಗಿ ಮತ್ತೊಂದನ್ನು ನಿಯಮಿಸುವುದು ಎರಡು. ಪೂರ್ತಿ ಹೋಗದೆ ಉಳಿದುದನ್ನು ಅಭ್ಯಾಸದಿಂದ ನೇರವಾಗಿ ಬಲಪಡಿಸುವುದು ಮೂರು. ಎರಡನೆಯದನ್ನು ಓದುವಾಗ ನಮ್ಮ ಮೀಮಾಂಸಕರ ಪ್ರತಿನಿಧಿವಿಚಾರವು ನೆನಪಿಗೆ ಬರುತ್ತದೆ. ವ್ರೀಹಿಯು ದೊರೆಯದಿದ್ದರೆ ನೀವಾರವನ್ನು ಬಳಸಬಹುದು, ಸೋಮಲತೆಯು ಸಿಕ್ಕದಿದ್ದರೆ ಪೂತೀಕವನ್ನು ತರಬಹುದು. ದ್ರವ್ಯವು ಬದಲಾದರೂ ಆರಂಭಿಸಿದ ಕರ್ಮವನ್ನು ನಿಲ್ಲಿಸಬಾರದು ಎಂಬುದು ಅವರ ತೀರ್ಪು. ನೆನಪು ಹೋದವನಿಗೆ ದಿನಚರಿಯ ಪುಸ್ತಕವು ನೀವಾರಧಾನ್ಯದಂತೆ. ಯಜ್ಞವು ನಡೆಯಬೇಕು, ಅಂದರೆ ಬಾಳು ಸಾಗಬೇಕು.

ಯುದ್ಧಗಳು ಮುಗಿದ ಮೇಲೆ ಮೋಟಾರು ವಾಹನಗಳ ಕಾಲ ಬಂದಿತು. ಗಾಯಾಳುಗಳು ಸೈನಿಕರ ವಸತಿಯಲ್ಲಿರದೆ ಸಂಸಾರಗಳ ನಡುವೆ ಬಂದರು. ಆಗ ಭಾವವಿಕಾರದ ಪ್ರಶ್ನೆಯು ಮುಂದಕ್ಕೆ ಬಂದಿತು. ಗ್ಲಾಸ್ಗೋ ನಗರದಲ್ಲಿ ನೀಲ್ ಬ್ರೂಕ್ಸ್ ಮತ್ತು ಅವರ ಸಂಗಡಿಗರು ತೀವ್ರ ಶಿರೋಗಾಯವಾದವರ ಮನೆಯವರನ್ನು ಐದು ವರ್ಷಗಳವರೆಗೂ ವಿಚಾರಿಸಿ, 1986ರಲ್ಲಿ ಪ್ರಕಟಿಸಿದ ವರದಿಯು ಮನನೀಯವಾಗಿದೆ. ಕೈಕಾಲುಗಳ ಸೋಲು ಮನೆಯವರನ್ನು ಅಷ್ಟಾಗಿ ಬಾಧಿಸುವುದಿಲ್ಲ. ಅವರನ್ನು ಬಳಲಿಸುವುದು ಸಿಡುಕು, ಜಡತೆ, ಸ್ವಭಾವದ ಬದಲಾವಣೆ. ಮತ್ತು ಆ ಭಾರವು ಕಾಲಕಳೆದಂತೆ ಇಳಿಯುವುದಕ್ಕೆ ಬದಲಾಗಿ ಏರುತ್ತದೆ. ಊರುಗೋಲು ಹಿಡಿದವನಿಗೆ ನೆರೆಯವರು ದಾರಿ ಬಿಡುತ್ತಾರೆ; ಸಿಡುಕುವವನಿಂದ ದೂರ ಸರಿಯುತ್ತಾರೆ. ಕಣ್ಣಿಗೆ ಕಾಣದ ಗಾಯಕ್ಕೆ ಕನಿಕರವೂ ಕಡಿಮೆ.

ಈ ಅರಿವಿನಿಂದ ಹುಟ್ಟಿದುದು ಸಮಗ್ರಚಿಕಿತ್ಸೆಯೆಂಬ ಪದ್ಧತಿ. 1973ರ ಯುದ್ಧದ ತರುವಾಯ ಇಸ್ರೇಲಿನ ಗಾಯಾಳು ಸೈನಿಕರಿಗಾಗಿ ಯೆಹೂದಾ ಬೆನ್-ಇಷಾಯ್ ಇದನ್ನು ರೂಪಿಸಿ, 1978ರಲ್ಲಿ ನ್ಯೂಯಾರ್ಕಿನಲ್ಲಿ ನೆಲೆಗೊಳಿಸಿದರು. ಗೋಲ್ಡ್‌ಸ್ಟೈನನ ವಿಚಾರಗಳೇ ಇದರ ಬೇರು. ಕೆಲವೇ ಮಂದಿ ಗಾಯಾಳುಗಳು ತಿಂಗಳುಗಟ್ಟಲೆ ಹಗಲೆಲ್ಲಾ ಒಂದೆಡೆ ಸೇರಿ, ಅವಧಾನ ಸ್ಮರಣೆಗಳ ಅಭ್ಯಾಸದೊಡನೆ, ತಮಗಾದ ನಷ್ಟವನ್ನು ಒಬ್ಬರೊಬ್ಬರ ಮುಂದೆ ಹೇಳಿಕೊಂಡು, ಒಪ್ಪಿಕೊಂಡು, ಹೊಸ ಬಾಳಿಗೆ ಅಣಿಯಾಗುತ್ತಾರೆ. ಮನೆಯವರನ್ನೂ ಅದರಲ್ಲಿ ಸೇರಿಸುತ್ತಾರೆ. ಜಾರ್ಜ್ ಪ್ರಿಗಟಾನೋ ಅಮೇರಿಕದಲ್ಲಿ ಈ ಮಾರ್ಗವನ್ನು ಮುಂದುವರಿಸಿದರು. 1996ರಲ್ಲಿ ಬಾರ್ಬರಾ ವಿಲ್ಸನ್ ಇಂಗ್ಲೆಂಡಿನ ಈಲಿ ಎಂಬಲ್ಲಿ ಒಂದು ಕೇಂದ್ರವನ್ನು ಸ್ಥಾಪಿಸಿ ಅದಕ್ಕೆ ಜಾಂಗ್ವಿಲನ ಹೆಸರನ್ನೇ ಇಟ್ಟರು. ಮಾಡಬೇಕಾದ ಕೆಲಸವನ್ನು ಆಯಾ ಹೊತ್ತಿಗೆ ಎಚ್ಚರಿಸುವ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚಿಕ್ಕ ಯಂತ್ರವನ್ನು ವಿಲ್ಸನ್ ಮತ್ತು ಅವರ ಸಂಗಡಿಗರು 143 ಮಂದಿಯಲ್ಲಿ ಪರೀಕ್ಷಿಸಿ 2001ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಉಪಯೋಗಕ್ಕೆ ಬಂದಿತ್ತು. ಈ ಏರ್ಪಾಡನ್ನು ಮೊದಲು ಯೋಚಿಸಿದವರಲ್ಲಿ ಒಬ್ಬರು ತಲೆಗೆ ಪೆಟ್ಟಾಗಿದ್ದ ತರುಣನ ತಂದೆಯೆಂಬುದು ಸ್ಮರಣೀಯ. ಮೆದುಳಿನ ಸ್ಥಿರತೆಯ ಹಳೆಯ ಮತವೂ ಇಷ್ಟರಲ್ಲಿ ಶಿಥಿಲವಾಗಿತ್ತು. 1996ರಲ್ಲಿ ಕೋತಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಮೆದುಳಿಗೆ ಕ್ಷತಿಯಾದ ಮೇಲೆ ಕೈಗೆ ಅಭ್ಯಾಸ ಕೊಟ್ಟರೆ ಕೈಗೆ ಸೇರಿದ ಉಳಿದ ಮೆದುಳುಭಾಗವು ಕುಗ್ಗದೆ ನಿಲ್ಲುವುದೆಂದು ಸಿದ್ಧವಾಯಿತು.

ನಮ್ಮ ನಾಡಿನ ಮಾತಿಗೆ ಬರೋಣ. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಪ್ರಾರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯಾಯಿತು. ತಲೆಗೆ ಪೆಟ್ಟಾದವರ ಶಸ್ತ್ರಚಿಕಿತ್ಸೆಯೂ ಅವರ ಬುದ್ಧಿಶಕ್ತಿಯ ಪರೀಕ್ಷೆ ಅಭ್ಯಾಸಗಳೂ ಅಲ್ಲಿ ಒಂದೇ ಆವರಣದಲ್ಲಿ ನಡೆಯುತ್ತವೆ. ಶೋಭಿನಿ ರಾವ್ ಮತ್ತು ಅವರ ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆಯು ನಮ್ಮ ಜನರ ವಯಸ್ಸು, ವಿದ್ಯಾಭ್ಯಾಸಗಳಿಗೆ ಅನುಗುಣವಾಗಿ ಮಾನದಂಡಗಳನ್ನು ಒದಗಿಸಿದೆ. ಇದು ಅಲ್ಪವಾದ ಕಾರ್ಯವಲ್ಲ. ನಿರಕ್ಷರನಾದ ರೈತನನ್ನು ವಿದೇಶದ ಪದವೀಧರನ ಅಳತೆಗೋಲಿನಿಂದ ಅಳೆದರೆ, ಅವನಿಗೆ ಪೆಟ್ಟಿನಿಂದ ಹೋದುದೆಷ್ಟು, ಮೊದಲೇ ದೊರೆಯದಿದ್ದುದೆಷ್ಟು ಎಂಬುದು ತಿಳಿಯುವ ಬಗೆಯೆಂತು? ಆದರೆ ಇಂಥ ಸಂಸ್ಥೆಗಳು ಎಲ್ಲ ಜಿಲ್ಲೆಗಳಲ್ಲಿಯೂ ಇಲ್ಲ. ಪ್ರಾಣ ಉಳಿಸಿ ಮನೆಗೆ ಕಳುಹಿಸಿದ ಮೇಲೆ ಉಳಿದ ಭಾರವೆಲ್ಲಾ ತಾಯಿ, ಹೆಂಡತಿ, ಒಡಹುಟ್ಟಿದವರ ಮೇಲೆ ಬೀಳುತ್ತದೆ.

ಆದುದರಿಂದ ಈ ಚರಿತ್ರೆಯ ಸಾರವನ್ನು ಗೃಹಸ್ಥರು ಬಲ್ಲವರಾಗಬೇಕು. ಗಾಯಾಳುವಿನ ಸಿಡುಕು ಕೊಬ್ಬಲ್ಲ, ಅವನ ಮೌನ ಸೋಮಾರಿತನವಲ್ಲ. ಬಹುವೇಳೆ ಅವು ಗೋಲ್ಡ್‌ಸ್ಟೈನ್ ಕಂಡ ಆ ಭೀತಿಯ ರೂಪಗಳು. ನಾಲ್ಕು ಜನರೆದುರಿಗೆ 'ಇದೂ ಬಾರದೆ?' ಎಂದು ಕೇಳುವುದರಿಂದ ಇದ್ದ ಶಕ್ತಿಯೂ ಕುಗ್ಗುತ್ತದೆ. ಗದ್ದಲ ಕಡಿಮೆಮಾಡಿ, ದಿನದ ಕೆಲಸಗಳಿಗೆ ಹೊತ್ತು ಗೊತ್ತುಮಾಡಿ, ವಸ್ತುಗಳಿಗೆ ಸ್ಥಳ ಗೊತ್ತುಮಾಡಿ, ಒಂದು ಸಲಕ್ಕೆ ಒಂದೇ ಕೆಲಸವನ್ನು ಕೊಡುವುದು ಯಾವ ಮನೆಯಲ್ಲಿಯೂ ಸಾಧ್ಯ. ಕೊಡುವ ಕೆಲಸವು ಆಟಿಕೆಯಂತಿರದೆ ಮನೆಗೆ ನಿಜವಾಗಿ ಬೇಕಾದುದಾಗಿರಬೇಕು; ಗೇಜನನ್ನು ಕಾಪಾಡಿದುದು ಅವನ ಸಾರೋಟಿಗಾಗಿ ಕಾಯುತ್ತಿದ್ದ ಪ್ರಯಾಣಿಕರೇ ಹೊರತು ಔಷಧವಲ್ಲ. ಆದರೆ ವೈದ್ಯರ ಸಲಹೆಯನ್ನು ಬಿಟ್ಟು ಮನೆಮದ್ದನ್ನೇ ನಂಬಿ ಕೂರುವುದೂ, ಗ್ರಹಚಾರವೆಂದು ಹರಕೆಗಳಲ್ಲಿಯೇ ಅಮೂಲ್ಯವಾದ ಮೊದಲ ತಿಂಗಳುಗಳನ್ನು ಕಳೆಯುವುದೂ ಸಲ್ಲದು. ಆರೈಕೆ ಮಾಡುವವರಿಗೂ ವಿಶ್ರಾಂತಿ ಬೇಕು; ಐದು ವರ್ಷದ ಭಾರವನ್ನು ಒಬ್ಬಳೇ ಹೆಣ್ಣುಮಗಳು ಹೊರಬೇಕೆಂಬುದು ನ್ಯಾಯವಲ್ಲ.

ಪೂರ್ತಿ ಮೊದಲಿನಂತಾಗುವುದೊಂದೇ ಗುಣವೆಂದು ಎಣಿಸಿದರೆ ಈ ಚರಿತ್ರೆಯೆಲ್ಲಾ ಸೋಲಿನ ಚರಿತ್ರೆಯಾಗಿ ತೋರೀತು. ಹಾಗಲ್ಲ. ಹೋದುದನ್ನು ಹೋದುದೆಂದು ತಿಳಿದು, ಉಳಿದುದನ್ನು ಉಳಿದುದೆಂದು ನಂಬಿ, ಉಳಿದುದರಿಂದ ಬಾಳನ್ನು ಮತ್ತೆ ಕಟ್ಟಬಹುದೆಂಬುದಕ್ಕೆ ಚಿಲಿಯ ಸಾರೋಟುದಾರನೂ ರಷ್ಯಾದ ಸೈನಿಕನೂ ಸಾಕ್ಷಿಗಳಾಗಿದ್ದಾರೆ. ಆಚಾರ್ಯ ಸುಶ್ರುತನು ಸೀಮಂತದ ಪೆಟ್ಟಿಗೆ ಚಿತ್ತನಾಶವನ್ನು ಹೇಳಿ ಮರಣದಲ್ಲಿ ನಿಲ್ಲಿಸಿದನು. ಅಂದಿನ ಸಾಧನಗಳಿಂದ ಅಷ್ಟೇ ಹೇಳಲು ಸಾಧ್ಯವಿತ್ತು. ಅಲ್ಲಿಂದ ಮುಂದಿನ ಅಧ್ಯಾಯವನ್ನು ವೈದ್ಯರೂ ಉಪಾಧ್ಯಾಯರೂ ಗಾಯಾಳುಗಳೂ ಕೂಡಿ ಬರೆದಿದ್ದಾರೆ. ಅದರಲ್ಲಿ ಇನ್ನೂ ಬರೆಯದೆ ಉಳಿದಿರುವ ಪುಟಗಳನ್ನು ತುಂಬಿಸತಕ್ಕವರು ನಮ್ಮ ನಮ್ಮ ಮನೆಗಳಲ್ಲಿದ್ದಾರೆ.